ಕಿಂಗ್ ಕಾಂಗ್ (1933): ಪದೇ ಪದೇ ಕೇಳುವ ಪ್ರಶ್ನೆಗಳು

ಕಿಂಗ್ ಕಾಂಗ್ ಹೆಸರಿನಲ್ಲಿ ಹಲವು ಸಿನಿಮಾಗಳು ಬಂದಿವೆ. ಇಲ್ಲಿ ಮಾತಾಡುತ್ತಿರುವುದು ಮೊದಲನೆಯದರ ಬಗ್ಗೆ, ಅಂದರೆ 1933ರ ಕಪ್ಪು-ಬಿಳುಪು ಚಿತ್ರ. ಅದರಲ್ಲೂ ಮುಖ್ಯವಾಗಿ ಅದರ ಟ್ರಿಕ್ ಕೆಲಸದ ಬಗ್ಗೆ. ಕ್ಲೈಮ್ಯಾಕ್ಸ್ ಏನು ಅಂತ ಎಲ್ಲರಿಗೂ ಗೊತ್ತು ಅಂದುಕೊಂಡೇ ಬರೆದಿದ್ದೇನೆ. ಗೊತ್ತಿಲ್ಲದವರು ಮೊದಲು ಸಿನಿಮಾ ನೋಡಿ ಬನ್ನಿ.

ಕಥೆ ಏನು? ಚುಟುಕಾಗಿ ಹೇಳಿ.

ಅಮೆರಿಕದಲ್ಲಿ ಕೆಲಸ ಸಿಗದೆ ಜನ ಒದ್ದಾಡುತ್ತಿದ್ದ ಕಾಲ. ಕಾರ್ಲ್ ಡೆನ್‌ಹ್ಯಾಮ್ ಎಂಬ ಸಿನಿಮಾದವನು ಹಸಿದಿದ್ದ ಆನ್ ಡ್ಯಾರೋ ಎಂಬ ಹುಡುಗಿಯನ್ನು ನಾಯಕಿ ಮಾಡುತ್ತೇನೆಂದು ಹಡಗು ಹತ್ತಿಸುತ್ತಾನೆ. ಹಡಗು ಸುಮಾತ್ರಾದ ಪಶ್ಚಿಮಕ್ಕಿರುವ, ಯಾವ ನಕ್ಷೆಯಲ್ಲೂ ಇಲ್ಲದ ಒಂದು ದ್ವೀಪ ಸೇರುತ್ತದೆ. ಅಲ್ಲಿಯವರು ಆನ್‌ಳನ್ನು ಕಾಂಗ್ ಎಂಬ ದೈತ್ಯ ಗೊರಿಲ್ಲಾಗೆ ಬಲಿ ಕೊಡಲು ಕಟ್ಟಿಹಾಕುತ್ತಾರೆ. ಕಾಂಗ್ ಅವಳನ್ನು ತಿನ್ನುವುದಿಲ್ಲ, ಕಾಪಾಡುತ್ತಾನೆ. ಕೊನೆಗೆ ಡೆನ್‌ಹ್ಯಾಮ್ ಅವನನ್ನೇ ಹಿಡಿದು ನ್ಯೂಯಾರ್ಕ್‌ಗೆ ತಂದು ಟಿಕೆಟ್ ಇಟ್ಟು ತೋರಿಸುತ್ತಾನೆ. ಮುಂದಿನದು ಎಂಪೈರ್ ಸ್ಟೇಟ್ ಕಟ್ಟಡ, ವಿಮಾನಗಳು.

ಇದನ್ನು ಮಾಡಿದವರು ಯಾರು?

ನಿರ್ದೇಶಕರು ಇಬ್ಬರು: ಮೆರಿಯನ್ ಸಿ. ಕೂಪರ್ ಮತ್ತು ಅರ್ನೆಸ್ಟ್ ಬಿ. ಶೂಡ್ಸಾಕ್. ಇಬ್ಬರೂ ಕಾಡುಮೇಡು ಅಲೆದು ಚಿತ್ರ ತೆಗೆದವರು. 1927ರಲ್ಲಿ ಸಯಾಮ್‌ನ ಕಾಡಿನಲ್ಲಿ ಹುಲಿ, ಆನೆಗಳ ನಡುವೆ 'ಚಾಂಗ್' ಮಾಡಿದ್ದರು. ಡೆನ್‌ಹ್ಯಾಮ್ ಪಾತ್ರದಲ್ಲಿ ಕೂಪರ್ ತನ್ನನ್ನೇ ಬರೆಸಿಕೊಂಡಿದ್ದಾನೆ ಅಂತ ನೋಡಿದರೇ ಗೊತ್ತಾಗುತ್ತದೆ. ಚಿತ್ರಕಥೆಗೆ ಕೊನೆಯ ರೂಪ ಕೊಟ್ಟವರು ರೂತ್ ರೋಸ್, ಶೂಡ್ಸಾಕ್ ಅವರ ಹೆಂಡತಿ. ಆಕೆ ಅದಕ್ಕೂ ಮೊದಲು ಇಂಥ ಪ್ರವಾಸಗಳಿಗೆ ಹೋಗಿಬಂದವರು. ನಿರ್ಮಾಣ ಆರ್‌ಕೆಒ ಸ್ಟುಡಿಯೊದ್ದು. ಆನ್ ಪಾತ್ರ ಮಾಡಿದವರು ಫೇ ರೇ.

ಟ್ರಿಕ್ ಕೆಲಸದ ಮುಖ್ಯಸ್ಥ ವಿಲ್ಲಿಸ್ ಓಬ್ರಿಯನ್. ನನ್ನನ್ನು ಕೇಳಿದರೆ ಈ ಸಿನಿಮಾದ ನಿಜವಾದ ನಾಯಕನಟ ಅವರೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಾಂಗ್ ಅಂದರೆ ಗೊರಿಲ್ಲಾ ವೇಷ ಹಾಕಿಕೊಂಡ ಮನುಷ್ಯ ಅಲ್ವಾ?

ಅಲ್ಲ. ಕಾಂಗ್ ವೇಷದ ಒಳಗೆ ಇದ್ದದ್ದು ನಾನೇ ಅಂತ ಹೇಳಿಕೊಂಡವರು ಆಮೇಲೆ ಬಂದರು. ಅದರಲ್ಲಿ ಹುರುಳಿಲ್ಲ. ಚಿತ್ರದಲ್ಲಿ ಓಡಾಡುವ, ಹೊಡೆದಾಡುವ, ಕಟ್ಟಡ ಹತ್ತುವ ಕಾಂಗ್ ಸುಮಾರು 18 ಇಂಚಿನ ಒಂದು ಗೊಂಬೆ. ನ್ಯೂಯಾರ್ಕ್ ದೃಶ್ಯಗಳಿಗೆ ಸ್ವಲ್ಪ ದೊಡ್ಡದು, 24 ಇಂಚಿನದು.

ಕೂಪರ್‌ಗೆ ಮೊದಲು ಇದ್ದ ಯೋಚನೆಯೇ ಬೇರೆ. ನಿಜವಾದ ಗೊರಿಲ್ಲಾ ಮತ್ತು ಕೊಮೊಡೊ ದ್ವೀಪದ ದೊಡ್ಡ ಉಡಗಳನ್ನು ಬೇರೆ ಬೇರೆ ಚಿತ್ರಿಸಿ, ಎರಡೂ ಕಾದಾಡುವ ಹಾಗೆ ತೋರಿಸಬೇಕು ಅಂತ. ದುಡ್ಡಿಲ್ಲದ ಕಾಲದಲ್ಲಿ ಅದಕ್ಕೆ ಯಾರೂ ಒಪ್ಪಲಿಲ್ಲ. 1931ರ ಕೊನೆಗೆ ಕೂಪರ್ ಆರ್‌ಕೆಒಗೆ ಬಂದಾಗ ಅಲ್ಲಿ ಓಬ್ರಿಯನ್ 'ಕ್ರಿಯೇಷನ್' ಎಂಬ ಡೈನೋಸಾರ್ ಚಿತ್ರಕ್ಕೆ ಗೊಂಬೆಗಳನ್ನು ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಖರ್ಚು ಏರುತ್ತಿತ್ತು, ಕಥೆಯಲ್ಲಿ ದಮ್ ಇರಲಿಲ್ಲ. ಕೂಪರ್ ಆ ಚಿತ್ರವನ್ನು ನಿಲ್ಲಿಸಿಬಿಟ್ಟ. ಆದರೆ ಓಬ್ರಿಯನ್ ತಂಡವನ್ನೂ ಗೊಂಬೆಗಳನ್ನೂ ತನ್ನ ಗೊರಿಲ್ಲಾ ಕಥೆಗೆ ಎಳೆದುಕೊಂಡ.

18 ಇಂಚಿನ ಗೊಂಬೆ ನಡೆಯುವುದು ಹೇಗೆ?

ಸ್ಟಾಪ್ ಮೋಷನ್ ಎಂಬ ವಿಧಾನ. ಗೊಂಬೆಯನ್ನು ಒಂದು ಭಂಗಿಯಲ್ಲಿ ನಿಲ್ಲಿಸಿ ಒಂದೇ ಒಂದು ಫ್ರೇಮ್ ತೆಗೆಯಬೇಕು. ಆಮೇಲೆ ಕೈಯನ್ನು ಕೂದಲೆಳೆಯಷ್ಟು ಸರಿಸಿ ಇನ್ನೊಂದು ಫ್ರೇಮ್. ಮತ್ತೆ ಸರಿಸು, ಮತ್ತೆ ತೆಗೆ. ಮಾತಿನ ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ. ಒಂದು ನಿಮಿಷಕ್ಕೆ 1,440 ಫ್ರೇಮ್. ಕಾಂಗ್ ಜೊತೆ ಡೈನೋಸಾರ್ ಕೂಡ ಇದ್ದರೆ ಎರಡನ್ನೂ ಸರಿಸಬೇಕು, ಬಾಲ, ಬೆರಳು, ದವಡೆ ಎಲ್ಲ ಲೆಕ್ಕ ಇಡಬೇಕು. ಟಿರಾನೊಸಾರಸ್ ಜೊತೆಗಿನ ಆ ಒಂದು ಕಾದಾಟಕ್ಕೇ ವಾರಗಟ್ಟಲೆ ಹಿಡಿಯಿತು.

ಗೊಂಬೆಯ ಒಳಗೆ ಲೋಹದ ಅಸ್ಥಿಪಂಜರ ಇದೆ. ಭುಜ, ಮೊಣಕೈ, ಸೊಂಟ, ಎಲ್ಲ ಕಡೆ ಗುಂಡು-ಬಟ್ಟಲಿನ ಕೀಲು. ಎಲ್ಲಿಗೆ ತಿರುಗಿಸಿದರೂ ಅಲ್ಲೇ ಗಟ್ಟಿಯಾಗಿ ನಿಲ್ಲಬೇಕು, ಅದೇ ಮುಖ್ಯ. ಅದರ ಮೇಲೆ ರಬ್ಬರ್ ಮತ್ತು ಹತ್ತಿ, ಅದರ ಮೇಲೆ ಮೊಲದ ತುಪ್ಪಟ. ಇದನ್ನು ಮಾಡಿದವರು ಮಾರ್ಸೆಲ್ ಡೆಲ್ಗಾಡೊ, ಮೆಕ್ಸಿಕೊದಲ್ಲಿ ಹುಟ್ಟಿದ ಶಿಲ್ಪಿ. ಅವರು ಸುಮ್ನೆ ಹತ್ತಿ ತುಂಬಿ ಮುಗಿಸಲಿಲ್ಲ. ಕೈ ಮಡಚಿದಾಗ ಉಬ್ಬುವ, ಚಾಚಿದಾಗ ಎಳೆಯುವ ಮಾಂಸಖಂಡಗಳನ್ನೇ ಕಟ್ಟಿದರು. ಕಾಂಗ್ ಎದೆ ಹಿಗ್ಗಿಸಿ ನಿಂತಾಗ ಮೈ ಭಾರ ಕಾಣುವುದು ಅದಕ್ಕೇ.

ನಿಲ್ಲಿಸುವುದೂ ಸುಲಭವಲ್ಲ. ಗೊಂಬೆ ಒಂದು ಕಾಲೆತ್ತಿದರೆ ಬೀಳುತ್ತದೆ. ಹಾಗಾಗಿ ಕೆಳಗಿನ ಹಲಗೆಯಲ್ಲಿ ತೂತು ಕೊರೆದು ಪಾದವನ್ನು ಕೆಳಗಿನಿಂದ ಬಿಗಿಯುತ್ತಿದ್ದರು. ಪ್ರತಿ ಹೆಜ್ಜೆಗೂ ಬಿಚ್ಚು, ಇನ್ನೊಂದು ತೂತಿಗೆ ಬಿಗಿ. ಮಧ್ಯೆ ಒಂದು ಬಲ್ಬ್ ಸುಟ್ಟುಹೋದರೆ ಬೆಳಕು ಬದಲಾಗುತ್ತದೆ, ಶಾಟ್ ಹೋಯಿತು. ಗೊಂಬೆ ಕಾಡಿನಲ್ಲಿ ಇಟ್ಟಿದ್ದ ನಿಜವಾದ ಗಿಡವೊಂದು ಚಿತ್ರೀಕರಣದ ನಡುವೆಯೇ ಹೂ ಬಿಟ್ಟು ಇಡೀ ಶಾಟ್ ಕೆಡಿಸಿತು ಅಂತ ಒಂದು ಕಥೆ ಇದೆ. ಫಿಲ್ಮ್ ಓಡಿಸಿ ನೋಡಿದರೆ ಹೂ ಕಣ್ಣೆದುರೇ ಪಟಕ್ಕನೆ ಅರಳುತ್ತಿತ್ತಂತೆ.

ಕಾಂಗ್ ಮೈಮೇಲಿನ ಕೂದಲು ಯಾಕೆ ಸದಾ ಅಲುಗುತ್ತಿರುತ್ತದೆ?

ಅದು ಬೆರಳಿನ ಗುರುತು. ಪ್ರತಿ ಫ್ರೇಮಿಗೂ ಗೊಂಬೆಯನ್ನು ಮುಟ್ಟಲೇಬೇಕು. ಮುಟ್ಟಿದಾಗಲೆಲ್ಲ ತುಪ್ಪಟ ಸ್ವಲ್ಪ ಕೆದರುತ್ತದೆ. ಓಡಿಸಿ ನೋಡಿದಾಗ ಮೈ ರೋಮವೆಲ್ಲ ಜುಮ್ ಅಂತ ಎದ್ದು ನಿಂತ ಹಾಗೆ ಕಾಣುತ್ತದೆ. ಲೆಕ್ಕದ ಪ್ರಕಾರ ಇದು ತಪ್ಪೇ. ಆದರೆ ನೋಡಿದವರಿಗೆ ಕೋಪದಲ್ಲಿ ಕಾಂಗ್‌ನ ಕೂದಲು ನಿಗುರಿದೆ ಅನಿಸಿತು. ಈಗಿನ ಗ್ರಾಫಿಕ್ಸ್‌ನಲ್ಲಿ ಒಂದೊಂದು ಕೂದಲನ್ನೂ ಬೇಕಾದ ಹಾಗೆ ಕೂರಿಸಬಹುದು. ಆದರೂ ನನಗೆ ಈ ಕೆದರಿದ ತುಪ್ಪಟವೇ ಜಾಸ್ತಿ ಇಷ್ಟ.

ಹತ್ತಿರದಿಂದ ಮುಖ ತೋರಿಸುತ್ತಾರಲ್ಲ, ಅದೂ ಗೊಂಬೆಯಾ?

ಅದು ಬೇರೆ. ತಲೆ ಮತ್ತು ಎದೆಯ ಭಾಗವನ್ನು ಭಾರಿ ಗಾತ್ರದಲ್ಲಿ ಕಟ್ಟಿದ್ದರು. ಮೇಲೆ ಕರಡಿ ಚರ್ಮ ಹೊದಿಸಿದ್ದರು. ಒಳಗೆ ಮೂವರು ಕೂತು ಸನ್ನೆಕೋಲು ಮತ್ತು ಒತ್ತಿದ ಗಾಳಿಯ ಯಂತ್ರಗಳಿಂದ ಕಣ್ಣು, ಹುಬ್ಬು, ಬಾಯಿ ಆಡಿಸುತ್ತಿದ್ದರು. ಬಾಯಲ್ಲಿ ಮನುಷ್ಯರನ್ನು ಕಚ್ಚಿಕೊಂಡಿರುವ ದೃಶ್ಯಗಳಲ್ಲಿ ಇದೇ ಇರುವುದು. ನಿಜ ಹೇಳಬೇಕೆಂದರೆ ಚಿತ್ರದಲ್ಲಿ ಅತಿ ದುರ್ಬಲ ಭಾಗ ಇದೇ. ಗೊಂಬೆಯ ಮುಖಕ್ಕೂ ಇದಕ್ಕೂ ಹೋಲಿಕೆ ಕಡಿಮೆ. ಹಲ್ಲು ಕಿಸಿದು ಕೂತ ಹಾಗೆ ಕಾಣುತ್ತದೆ. ಲಾಸ್ ಏಂಜಲೀಸ್‌ನ ಚೈನೀಸ್ ಥಿಯೇಟರ್‌ನಲ್ಲಿ ಸಿನಿಮಾ ಬಿಡುಗಡೆಯಾದಾಗ ಇದನ್ನೇ ಅಂಗಳದಲ್ಲಿ ಇಟ್ಟಿದ್ದರು. ಆ ಕೆಲಸಕ್ಕೆ ಸರಿಯಾಗಿತ್ತು.

ದೊಡ್ಡ ಗಾತ್ರದ ಕೈಯೂ ಇತ್ತು, ಕಾಲೂ ಇತ್ತು. ಕೈ ಮಾತ್ರ ಅದ್ಭುತವಾಗಿ ಕೆಲಸ ಮಾಡಿದೆ. ಫೇ ರೇ ಅದರ ಬೆರಳುಗಳ ನಡುವೆ ಕೂರುತ್ತಿದ್ದರು. ಅವರು ಒದ್ದಾಡಿದಷ್ಟೂ ಬೆರಳ ಹಿಡಿತ ಸಡಿಲವಾಗುತ್ತಿತ್ತು. ಹಾಗಾಗಿ ತೆರೆಯ ಮೇಲೆ ಕಾಣುವ ಗಾಬರಿಯಲ್ಲಿ ಸ್ವಲ್ಪ ನಿಜದ್ದೂ ಇದೆ. ಕಾಂಗ್ ಅವಳನ್ನು ಹಿಡಿದು ಕಟ್ಟಡ ಹತ್ತುವಾಗ ಮಾತ್ರ ಕೈಯಲ್ಲಿರುವುದು ಪುಟಾಣಿ ಗೊಂಬೆ.

ಕಾಂಗ್ ಎತ್ತರ ಎಷ್ಟು?

ಯಾವ ದೃಶ್ಯದಲ್ಲಿ ಅಂತ ಹೇಳಿ! ಜಾಹೀರಾತಿನಲ್ಲಿ 50 ಅಡಿ. ದ್ವೀಪದಲ್ಲಿ ಗೊಂಬೆಯ ಅಳತೆ ಪ್ರಕಾರ 18 ಅಡಿ. ನ್ಯೂಯಾರ್ಕ್‌ನಲ್ಲಿ 24 ಅಡಿ. ಆ ದೊಡ್ಡ ತಲೆಗೆ ತಕ್ಕ ಮೈ ಕಟ್ಟಿದ್ದರೆ ಇನ್ನೂ ಎತ್ತರ ಆಗುತ್ತಿತ್ತು. ಇದು ಕಣ್ತಪ್ಪಿ ಆದದ್ದಲ್ಲ. ಎತ್ತರದ ಕಟ್ಟಡಗಳ ನಡುವೆ 18 ಅಡಿಯ ಕಾಂಗ್ ತೀರಾ ಚಿಕ್ಕವನಾಗಿ ಕಾಣುತ್ತಾನೆ ಅಂತ ಕೂಪರ್‌ಗೆ ಅನಿಸಿತು. ದೃಶ್ಯಕ್ಕೆ ಬೇಕಾದಷ್ಟು ಬೆಳೆಸಿದ. ಲೆಕ್ಕ ಇಟ್ಟುಕೊಂಡು ಸಿನಿಮಾ ನೋಡುವವರು ಕಡಿಮೆ ಅಂತ ಅವನಿಗೆ ಗೊತ್ತಿತ್ತು.

ಮನುಷ್ಯರೂ ಗೊಂಬೆಯೂ ಒಂದೇ ಚೌಕಟ್ಟಿನಲ್ಲಿ ಬರುವುದು ಹೇಗೆ?

ಈ ಸಿನಿಮಾದ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಗೊಂಬೆ ಕುಣಿಸುವುದು ಹಳೆಯ ವಿದ್ಯೆ. ಓಬ್ರಿಯನ್ ಅದನ್ನು 1925ರ 'ದಿ ಲಾಸ್ಟ್ ವರ್ಲ್ಡ್'ನಲ್ಲೇ ಮಾಡಿದ್ದರು. ಆದರೆ ಅಲ್ಲಿ ಹೆಚ್ಚಾಗಿ ಡೈನೋಸಾರ್ ಒಂದು ಶಾಟ್, ಮನುಷ್ಯರು ಇನ್ನೊಂದು ಶಾಟ್. ಕಾಂಗ್‌ನಲ್ಲಿ ಇಬ್ಬರೂ ಒಟ್ಟಿಗೇ ಇದ್ದಾರೆ, ಒಬ್ಬರನ್ನೊಬ್ಬರು ನೋಡುತ್ತಾರೆ, ಹೊಡೆದಾಡುತ್ತಾರೆ. ಅದಕ್ಕೆ ಒಂದಲ್ಲ, ಹಲವು ಉಪಾಯ ಬಳಸಿದರು.

ಮೊದಲನೆಯದು ಹಿಂಬದಿ ಪ್ರೊಜೆಕ್ಷನ್. ಮೊದಲು ಕಾಂಗ್ ಮತ್ತು ಟಿರಾನೊಸಾರಸ್ ಕಾದಾಟವನ್ನು ಗೊಂಬೆಗಳಲ್ಲಿ ಮುಗಿಸಿಕೊಂಡರು. ಆಮೇಲೆ ದೊಡ್ಡ ಪರದೆಯ ಹಿಂದಿನಿಂದ ಆ ಫಿಲ್ಮ್ ಓಡಿಸಿ, ಪರದೆಯ ಮುಂದೆ ಮರದ ಮೇಲೆ ಫೇ ರೇ ಅವರನ್ನು ಕೂರಿಸಿ ಚಿತ್ರಿಸಿದರು. ಅವರಿಗೆ ಅಷ್ಟು ಹತ್ತಿರದಿಂದ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಆಗಿನ ಪರದೆಗಳಲ್ಲಿ ನಡುವೆ ಬೆಳಕು, ಅಂಚಿನಲ್ಲಿ ಮಬ್ಬು. ಸಿಡ್ನಿ ಸಾಂಡರ್ಸ್ ಎಂಬ ತಂತ್ರಜ್ಞ ಹೊಸ ಬಗೆಯ ಸೆಲ್ಯುಲೋಸ್ ಪರದೆ ತಯಾರಿಸಿ ಆ ತೊಂದರೆ ಕಡಿಮೆ ಮಾಡಿದರು.

ಎರಡನೆಯದು ಇದರ ತಿರುವು, ಇನ್ನೂ ಜಾಣತನದ್ದು. ಇಲ್ಲಿ ಗೊಂಬೆ ಮುಂದೆ, ಮನುಷ್ಯರು ಹಿಂದೆ. ಪುಟ್ಟ ಕಾಡಿನ ಸೆಟ್ಟಿನಲ್ಲಿ ಒಂದು ಪುಟ್ಟ ಪರದೆ ಅಡಗಿಸಿಡುತ್ತಾರೆ. ಅದರ ಮೇಲೆ ಮೊದಲೇ ತೆಗೆದ ನಟನ ಚಿತ್ರವನ್ನು ಒಂದೊಂದೇ ಫ್ರೇಮ್ ಬೀಳಿಸುತ್ತಾರೆ. ಕಾಂಗ್ ಅನ್ನು ಒಮ್ಮೆ ಸರಿಸು, ನಟನ ಫಿಲ್ಮ್ ಒಂದು ಫ್ರೇಮ್ ಮುಂದೆ ಹಾಕು, ಕ್ಯಾಮೆರಾದಲ್ಲಿ ಒಂದು ಫ್ರೇಮ್ ತೆಗೆ. ಬಂಡೆಯ ಸಂದಿಯಲ್ಲಿ ಅಡಗಿದ, ಆನ್‌ಳನ್ನು ಪ್ರೀತಿಸುವ ಹಡಗಿನ ಅಧಿಕಾರಿ ಡ್ರಿಸ್ಕಾಲ್‌ನನ್ನು ಕಾಂಗ್ ಕೈಹಾಕಿ ತಡಕಾಡುವ ದೃಶ್ಯ ನೆನಪಿದೆಯಾ? ಸಂದಿಯೊಳಗೆ ಚಾಕು ಬೀಸುವ ಡ್ರಿಸ್ಕಾಲ್ ಅಂಗೈ ಅಗಲದ ಒಂದು ಪರದೆಯ ಮೇಲಿನ ಬೆಳಕು, ಅಷ್ಟೇ.

ಮೂರನೆಯದು ಮ್ಯಾಟ್ ವಿಧಾನಗಳು, ಅಂದರೆ ಚೌಕಟ್ಟಿನ ಒಂದು ಭಾಗ ಮರೆಮಾಡಿ ಅಲ್ಲಿ ಬೇರೆ ಚಿತ್ರ ಕೂಡಿಸುವುದು. ಡನಿಂಗ್ ವಿಧಾನದಲ್ಲಿ ನೀಲಿ ಹಿನ್ನೆಲೆಯ ಮುಂದೆ ನಟರಿಗೆ ಹಳದಿ ಬೆಳಕು ಹಾಕಿ, ಆ ಬಣ್ಣಗಳ ವ್ಯತ್ಯಾಸದಿಂದಲೇ ಕ್ಯಾಮೆರಾದೊಳಗೆ ಎರಡು ಚಿತ್ರ ಕೂಡಿಸುತ್ತಿದ್ದರು. ಕಪ್ಪು-ಬಿಳುಪು ಫಿಲ್ಮ್‌ಗೆ ಮಾತ್ರ ಆಗುವ ಉಪಾಯ. ವಿಲಿಯಮ್ಸ್ ವಿಧಾನ ಅಂತ ಇನ್ನೊಂದಿತ್ತು. ಇವೆಲ್ಲದರ ತುಣುಕುಗಳನ್ನು ಆಪ್ಟಿಕಲ್ ಪ್ರಿಂಟರ್‌ನಲ್ಲಿ (ತೆಗೆದ ಫಿಲ್ಮ್‌ಗಳನ್ನು ಮತ್ತೆ ಚಿತ್ರಿಸಿ ಒಂದಾಗಿಸುವ ಯಂತ್ರ) ಸೇರಿಸಿ ಹೊಲಿದವರಲ್ಲಿ ಲಿನ್‌ವುಡ್ ಡನ್ ಮುಖ್ಯರು.

ಇವುಗಳಲ್ಲಿ ಹಲವು ಒಂದೇ ಶಾಟ್‌ನಲ್ಲಿ ಬೆರೆತಿರುತ್ತವೆ ಅನ್ನುವುದು ನೆನಪಿಡಿ. ಇದು ಯಾವ ಟ್ರಿಕ್ ಅಂತ ನೀವು ಹಿಡಿಯುವಷ್ಟರಲ್ಲಿ ಮುಂದಿನ ಶಾಟ್ ಬೇರೆ ಉಪಾಯದಲ್ಲಿ ಬಂದಿರುತ್ತದೆ. ಒಂದೇ ವಿದ್ಯೆಯನ್ನು ನೆಚ್ಚಿಕೊಂಡಿದ್ದರೆ ಹತ್ತು ನಿಮಿಷಕ್ಕೆ ಗುಟ್ಟು ಬಯಲಾಗುತ್ತಿತ್ತು.

ಆ ಕಾಡು ಎಲ್ಲಿಯದು?

ಹೆಚ್ಚಿನದು ಮೇಜಿನ ಮೇಲಿನದು. ಮುಂದೆ ಒಂದು ಗಾಜು, ಅದರ ಮೇಲೆ ಬಳ್ಳಿ, ಕೊಂಬೆಗಳ ಚಿತ್ರ. ಅದರ ಹಿಂದೆ ಪುಟ್ಟ ಗಿಡಮರಗಳ ನಡುವೆ ಗೊಂಬೆ. ಅದರ ಹಿಂದೆ ಇನ್ನೊಂದು ಗಾಜು, ಇನ್ನಷ್ಟು ಕಾಡು. ಕೊನೆಯಲ್ಲಿ ಬರೆದ ಆಕಾಶ. ಪದರ ಪದರವಾಗಿ ಆಳ ಬರುತ್ತದೆ. ಗಾಜಿನ ಮೇಲೆ ಚಿತ್ರ ಬರೆದವರು ಮಾರಿಯೊ ಲಾರಿನಾಗಾ ಮತ್ತು ಬೈರನ್ ಕ್ರಾಬ್. ಫ್ರಾನ್ಸಿನ ಗುಸ್ತಾವ್ ಡೋರೆಯ ಅಚ್ಚುಚಿತ್ರಗಳು ಅವರಿಗೆ ಮಾದರಿ. ಮುಂದೆ ಕತ್ತಲೆ, ನಡುವೆ ಬೆಳಕು, ಹಿಂದೆ ಮಂಜು. ಆ ಕಾಡು ಕನಸಿನಲ್ಲಿ ಕಂಡ ಹಾಗಿರುವುದು ಅದರಿಂದ.

ನಟರು ಓಡುವ ಪೂರ್ಣ ಗಾತ್ರದ ಕಾಡಿನ ಸೆಟ್ಟನ್ನು ಅದೇ ಸ್ಟುಡಿಯೊದ 'ದಿ ಮೋಸ್ಟ್ ಡೇಂಜರಸ್ ಗೇಮ್' (1932) ಜೊತೆ ಹಂಚಿಕೊಂಡರು. ಅದರಲ್ಲೂ ಫೇ ರೇ ನಾಯಕಿ. ದ್ವೀಪದ ಆ ದೊಡ್ಡ ಗೋಡೆ 1927ರ ಒಂದು ಏಸುಕ್ರಿಸ್ತನ ಚಿತ್ರಕ್ಕೆ ಹಾಕಿದ್ದ ಸೆಟ್ಟು. ಅದಕ್ಕೇ ಬಾಗಿಲು ಕೂರಿಸಿ ರೂಪ ಬದಲಿಸಿದರು. 1938ರಲ್ಲಿ 'ಗಾನ್ ವಿತ್ ದ ವಿಂಡ್' ಚಿತ್ರಕ್ಕಾಗಿ ಅಟ್ಲಾಂಟಾ ಊರು ಉರಿಯುವುದನ್ನು ತೆಗೆದಾಗ ಅದನ್ನೂ ಸುಟ್ಟರು.

ಓಬ್ರಿಯನ್ ನಾಯಕನಟ ಅಂದಿರಲ್ಲ, ಹೇಗೆ?

ಟಿರಾನೊಸಾರಸ್ ಸತ್ತ ಮೇಲಿನ ಕ್ಷಣ ನೋಡಿ. ಕಾಂಗ್ ಅದರ ದವಡೆ ಹಿಡಿದು ಪಟಪಟ ಆಡಿಸಿ ನೋಡುತ್ತಾನೆ. ಸತ್ತಿದೆಯಾ ಅಂತ ಪರೀಕ್ಷೆ, ಜೊತೆಗೆ ಮಗುವಿನ ಕುತೂಹಲ. ಕಥೆಗೆ ಅದು ಬೇಕಿರಲಿಲ್ಲ. ಕಟ್ಟಡದ ತುದಿಯಲ್ಲಿ ಗುಂಡು ತಗುಲಿದಾಗ ಎದೆ ಮುಟ್ಟಿಕೊಂಡು ಬೆರಳಿಗೆ ಹತ್ತಿದ ರಕ್ತ ನೋಡುತ್ತಾನೆ. ಏನಾಗುತ್ತಿದೆ ಅಂತ ಅವನಿಗೆ ಅರ್ಥವಾಗುವುದಿಲ್ಲ. ಇದು ನಟನೆ. ಒಂದೊಂದು ಫ್ರೇಮಿನಲ್ಲಿ, ವಾರಗಟ್ಟಲೆ, ತನ್ನ ಕೈಯಿಂದ ಇನ್ನೊಂದು ಮೈಗೆ ದಾಟಿಸಿದ ನಟನೆ. ನಮ್ಮ ತೊಗಲುಗೊಂಬೆ ಆಡಿಸುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಓಬ್ರಿಯನ್ ಸಿನಿಮಾಕ್ಕೆ ಬರುವ ಮೊದಲು ದನಕಾಯುವ ಕೆಲಸ, ಅಮೃತಶಿಲೆ ಕೆತ್ತನೆ, ಪತ್ರಿಕೆಗೆ ವ್ಯಂಗ್ಯಚಿತ್ರ ಎಲ್ಲ ಮಾಡಿದ್ದರು. ಬಾಕ್ಸಿಂಗ್ ಆಡಿದ್ದರು. ಕಾಂಗ್ ಡೈನೋಸಾರ್‌ಗೆ ಗುದ್ದುವ ಪಟ್ಟುಗಳಲ್ಲಿ ಅದು ಕಾಣುತ್ತದೆ. ಕಾಂಗ್ ಹೇಗಿರಬೇಕು ಅನ್ನುವುದಕ್ಕೆ ಕೂಪರ್ ಮತ್ತು ಅವರ ನಡುವೆ ಜಗಳವೇ ನಡೆಯಿತು. ಓಬ್ರಿಯನ್‌ಗೆ ಸ್ವಲ್ಪ ಮನುಷ್ಯನ ಹೋಲಿಕೆ ಬೇಕಿತ್ತು, ಜನರಿಗೆ ಮರುಕ ಬರಲಿ ಅಂತ. ಕೂಪರ್‌ಗೆ ಕ್ರೂರ ಪ್ರಾಣಿಯೇ ಬೇಕು. ಗೊಂಬೆ ಕೂಪರ್ ಹೇಳಿದ ಹಾಗೇ ಆಯಿತು. ಆದರೂ ಕೊನೆಗೆ ಜನರಿಗೆ ಬಂದದ್ದು ಮರುಕವೇ. ಈ ವಿಷಯದಲ್ಲಿ ಗೆದ್ದದ್ದು ಓಬ್ರಿಯನ್ ಅಂತ ನನ್ನ ಲೆಕ್ಕ.

ಡೈನೋಸಾರ್‌ಗಳು ವಿಜ್ಞಾನದ ಪ್ರಕಾರ ಸರಿಯಾಗಿವೆಯಾ?

ಆ ಕಾಲದ ತಿಳುವಳಿಕೆಗೆ ಪರವಾಗಿಲ್ಲ. ಬಾಲ ನೆಲಕ್ಕೆ ಎಳೆದುಕೊಂಡು ನೆಟ್ಟಗೆ ನಿಲ್ಲುವ ಟಿರಾನೊಸಾರಸ್ ಆಗಿನ ಮ್ಯೂಸಿಯಂಗಳಲ್ಲೂ ಹಾಗೇ ಇತ್ತು. ಸ್ಟೆಗೊಸಾರಸ್ ಮತ್ತು ಟಿರಾನೊಸಾರಸ್ ನಡುವೆ ಕೋಟಿಗಟ್ಟಲೆ ವರ್ಷಗಳ ಅಂತರ ಇದೆ, ಒಂದೇ ದ್ವೀಪದಲ್ಲಿ ಇರುವುದು ಕಥೆಯ ಸ್ವಾತಂತ್ರ್ಯ. ಸೊಪ್ಪು ತಿನ್ನುವ ಬ್ರಾಂಟೊಸಾರಸ್ ನಾವಿಕರನ್ನು ಕಚ್ಚಿ ಸಾಯಿಸುವುದು ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ಕಾಂಗ್‌ನ ಘರ್ಜನೆ ಎಲ್ಲಿಂದ ಬಂತು?

ಸಿಂಹ ಮತ್ತು ಹುಲಿಯ ಗಂಟಲಿನಿಂದ. ಶಬ್ದ ವಿಭಾಗದ ಮರ್ರೆ ಸ್ಪಿವಾಕ್ ಮೃಗಾಲಯದ ಘರ್ಜನೆಗಳನ್ನು ರೆಕಾರ್ಡ್ ಮಾಡಿ, ನಿಧಾನಗೊಳಿಸಿ, ಹಿಂದುಮುಂದಾಗಿ ಓಡಿಸಿ ಬೆರೆಸಿದರು. ಎದೆ ಬಡಿದುಕೊಳ್ಳುವ ಸದ್ದಿಗೆ ಯಾವ ವಾದ್ಯವೂ ಸರಿಬರಲಿಲ್ಲ. ಕೊನೆಗೆ ಸಹಾಯಕನೊಬ್ಬನ ಮೈಗೇ ಡ್ರಮ್ ಕೋಲಿನಿಂದ ತಟ್ಟಿ, ಮೈಯ ಆ ಕಡೆ ಮೈಕ್ ಇಟ್ಟರು! ಫೇ ರೇ ತಮ್ಮ ಕಿರುಚಾಟವನ್ನೆಲ್ಲ ಚಿತ್ರೀಕರಣ ಮುಗಿದ ಮೇಲೆ ಶಬ್ದದ ಕೋಣೆಯಲ್ಲಿ ಒಂದೇ ಸಲಕ್ಕೆ ಕಿರುಚಿ ಮುಗಿಸಿದರು.

ಸಂಗೀತ ಮ್ಯಾಕ್ಸ್ ಸ್ಟೈನರ್ ಅವರದು. ಹಳೆಯ ಟ್ಯೂನ್‌ಗಳನ್ನೇ ಅಂಟಿಸಿ ಖರ್ಚು ಉಳಿಸಿ ಅಂತ ಸ್ಟುಡಿಯೊ ಹೇಳಿತ್ತು. ಕೂಪರ್ ಹೊಸ ಸಂಗೀತವೇ ಬೇಕು, ಖರ್ಚು ನನ್ನದು ಅಂದ. ಮೊದಲ ಭಾಗದಲ್ಲಿ ನ್ಯೂಯಾರ್ಕ್ ದೃಶ್ಯಗಳಿಗೆ ಸಂಗೀತವೇ ಇಲ್ಲ. ಹಡಗು ಮಂಜಿನೊಳಗೆ ಹೋದಾಗ ಶುರುವಾಗುತ್ತದೆ. ಅಲ್ಲಿಂದ ನಿಮ್ಮನ್ನು ಬೇರೆ ಲೋಕಕ್ಕೆ ಒಯ್ಯುವುದು ಚಿತ್ರಕ್ಕಿಂತ ಮೊದಲು ಸಂಗೀತ.

ಕೊನೆಯ ದೃಶ್ಯ ನಿಜವಾದ ಎಂಪೈರ್ ಸ್ಟೇಟ್ ಕಟ್ಟಡದ ಮೇಲೇ ತೆಗೆದದ್ದಾ?

ಕಟ್ಟಡ ತೆರೆದದ್ದು 1931ರಲ್ಲಿ, ಆಗಿನ್ನೂ ಹೊಸದು. ಆದರೆ ಕಾಂಗ್ ನಿಂತಿರುವ ತುದಿ ಸ್ಟುಡಿಯೊದಲ್ಲಿ ಮಾಡಿದ ಮಾದರಿ. ಸುತ್ತ ಕಾಣುವ ನಗರ ಬರೆದ ಚಿತ್ರ. ನೌಕಾಪಡೆಯ ನಿಜವಾದ ವಿಮಾನಗಳು ನ್ಯೂಯಾರ್ಕ್ ಮೇಲೆ ಹಾರುವುದನ್ನು ತೆಗೆದು, ಅದರ ಜೊತೆ ತಂತಿಗೆ ಕಟ್ಟಿದ ಆಟಿಕೆ ವಿಮಾನಗಳ ಶಾಟ್‌ಗಳನ್ನು ಬೆರೆಸಿದರು. ಕಾಂಗ್ ಮೇಲೆ ಗುಂಡು ಹಾರಿಸುವ ವಿಮಾನದಲ್ಲಿ ಕೂತ ಇಬ್ಬರು ಯಾರು ಗೊತ್ತಾ? ಕೂಪರ್ ಮತ್ತು ಶೂಡ್ಸಾಕ್. ತಾವೇ ಸೃಷ್ಟಿಸಿದವನನ್ನು ತಾವೇ ಕೊಂದರು. ಕೂಪರ್ ಮೊದಲ ಮಹಾಯುದ್ಧದಲ್ಲಿ ನಿಜವಾಗಿಯೂ ಯುದ್ಧವಿಮಾನ ಹಾರಿಸಿದವನು.

ಜೇಡಗಳ ದೃಶ್ಯ ಇದೆಯಂತೆ, ನೋಡಲು ಸಿಗುತ್ತದಾ?

ಇಲ್ಲ. ಕಾಂಗ್ ಮರದ ದಿಮ್ಮಿ ಅಲುಗಾಡಿಸಿ ನಾವಿಕರನ್ನು ಕಂದಕಕ್ಕೆ ಬೀಳಿಸುತ್ತಾನಲ್ಲ, ಕೆಳಗೆ ದೊಡ್ಡ ಜೇಡ ಮತ್ತಿತರ ಹುಳಹುಪ್ಪಟೆಗಳು ಅವರನ್ನು ತಿನ್ನುವ ದೃಶ್ಯ ಇತ್ತು. ಕಥೆಯ ಓಟ ಅಲ್ಲಿ ನಿಂತುಹೋಗುತ್ತದೆ ಅಂತ ಬಿಡುಗಡೆಗೆ ಮೊದಲೇ ಕೂಪರ್ ಕತ್ತರಿಸಿದ. ಆ ಫಿಲ್ಮ್ ಎಲ್ಲೂ ಸಿಕ್ಕಿಲ್ಲ. 2005ರಲ್ಲಿ ಪೀಟರ್ ಜಾಕ್ಸನ್ ತಂಡ ಹಳೆಯ ವಿಧಾನದಲ್ಲೇ ಅದನ್ನು ಹೊಸದಾಗಿ ಮಾಡಿತು. ಚೆನ್ನಾಗಿದೆ, ಆದರೆ ಅದು ಓಬ್ರಿಯನ್ ಕೆಲಸ ಅಲ್ಲ.

ಇನ್ನು ಕೆಲವು ದೃಶ್ಯಗಳು 1938ರ ಮರುಬಿಡುಗಡೆಯಲ್ಲಿ ಸೆನ್ಸಾರ್ ಕತ್ತರಿಗೆ ಸಿಕ್ಕಿದವು: ಕಾಂಗ್ ಆನ್‌ಳ ಬಟ್ಟೆ ಒಂದೊಂದೇ ಕಿತ್ತು ಮೂಸಿ ನೋಡುವುದು, ಜನರನ್ನು ತುಳಿಯುವುದು, ಒಬ್ಬ ಹೆಂಗಸನ್ನು ಮೇಲಿನಿಂದ ಕೆಳಗೆ ಬಿಡುವುದು. ಇವು ದಶಕಗಳ ನಂತರ ಸಿಕ್ಕಿ ಮತ್ತೆ ಸೇರಿವೆ. ಈಗ ಡಿಸ್ಕ್‌ಗಳಲ್ಲಿ ಬರುವ ಪ್ರತಿಯಲ್ಲಿ ಇರುತ್ತವೆ.

ಚಿತ್ರ ಓಡಿತಾ? ಆಸ್ಕರ್ ಬಂತಾ?

ಚೆನ್ನಾಗಿ ಓಡಿತು. ಸುಮಾರು 6,70,000 ಡಾಲರ್ ಖರ್ಚಾಗಿತ್ತು. 1933ರ ಮಾರ್ಚ್ 2ರಂದು ನ್ಯೂಯಾರ್ಕ್‌ನಲ್ಲಿ ಒಟ್ಟಿಗೇ ಎರಡು ದೊಡ್ಡ ಥಿಯೇಟರ್‌ಗಳಲ್ಲಿ ತೆರೆಕಂಡಿತು. ಅದೇ ವಾರ ಅಮೆರಿಕದಾದ್ಯಂತ ಬ್ಯಾಂಕ್‌ಗಳನ್ನು ಮುಚ್ಚಿಸಿದ್ದರು. ಆದರೂ ಜನ ಬಂದರು. ಆರ್‌ಕೆಒ ಆಗ ಸಾಲದಲ್ಲಿ ಮುಳುಗಿತ್ತು, ಈ ಗಳಿಕೆ ಅದಕ್ಕೆ ಉಸಿರು ಕೊಟ್ಟಿತು.

ಆಸ್ಕರ್ ಬರಲಿಲ್ಲ, ನಾಮನಿರ್ದೇಶನವೂ ಇಲ್ಲ. ಟ್ರಿಕ್ ಕೆಲಸಕ್ಕೆ ಆಗ ಪ್ರಶಸ್ತಿ ವಿಭಾಗವೇ ಇರಲಿಲ್ಲ. ಓಬ್ರಿಯನ್‌ಗೆ ಅದು ಸಿಕ್ಕಿದ್ದು 'ಮೈಟಿ ಜೋ ಯಂಗ್' (1949) ಎಂಬ ಇನ್ನೊಂದು ಗೊರಿಲ್ಲಾ ಚಿತ್ರಕ್ಕೆ. ಅದರಲ್ಲಿ ಗೊಂಬೆಯ ಕೆಲಸ ಹೆಚ್ಚಾಗಿ ಮಾಡಿದವರು ಅವರ ಸಹಾಯಕ ರೇ ಹ್ಯಾರಿಹೌಸನ್. 13ನೇ ವಯಸ್ಸಿನಲ್ಲಿ 'ಕಿಂಗ್ ಕಾಂಗ್' ನೋಡಿ, ಇದೇ ಕೆಲಸ ಮಾಡಬೇಕು ಅಂತ ಹಟ ಹಿಡಿದ ಹುಡುಗ.

ದ್ವೀಪದ ಜನರನ್ನು ತೋರಿಸಿರುವ ರೀತಿ ಕೆಟ್ಟದಾಗಿದೆ ಅನ್ನುತ್ತಾರೆ. ನಿಜವಾ?

ನಿಜ. ಸುಮಾತ್ರಾ ಹತ್ತಿರದ ದ್ವೀಪ ಅನ್ನುತ್ತಾರೆ, ಅಲ್ಲಿರುವ ಎಲ್ಲರೂ ಹಾಲಿವುಡ್ ಕಲ್ಪನೆಯ 'ಕಾಡುಜನ'. ಬಿಳಿ ಹುಡುಗಿ ಕಂಡರೆ ಬಾಯಿ ಬಿಡುವವರು. ಹಡಗಿನ ಚೀನೀ ಅಡುಗೆಯವನ ಪಾತ್ರವೂ ನಗೆಗೆ ಇಟ್ಟದ್ದು. ಆ ಕಾಲವೇ ಹಾಗಿತ್ತು ಅಂದುಬಿಟ್ಟರೆ ಸಾಲದು. ಮುಖಂಡನ ಪಾತ್ರ ಮಾಡಿದ ನೋಬಲ್ ಜಾನ್ಸನ್ 1916ರಲ್ಲೇ ಕಪ್ಪುಜನರ ಸ್ವಂತ ಚಿತ್ರಸಂಸ್ಥೆಯೊಂದನ್ನು ಕಟ್ಟಿದವರಲ್ಲಿ ಒಬ್ಬರು. ಅಂಥವರಿಗೂ ಹಾಲಿವುಡ್‌ನಲ್ಲಿ ಸಿಗುತ್ತಿದ್ದುದು ಇಂಥ ಪಾತ್ರಗಳೇ. ಮಕ್ಕಳ ಜೊತೆ ನೋಡುವುದಾದರೆ ಈ ಮಾತು ಆಡಿಯೇ ನೋಡಿ.

ಯಾವ ಪ್ರತಿ ನೋಡಬೇಕು? ಹೇಗೆ ನೋಡಬೇಕು?

ಕಪ್ಪು-ಬಿಳುಪಿನದೇ ನೋಡಿ. ಆಮೇಲೆ ಬಣ್ಣ ಬಳಿದ ಪ್ರತಿಯೂ ಬಂದಿದೆ, ಅದರ ಗೋಜಿಗೆ ಹೋಗಬೇಡಿ. ಗಾಜಿನ ಚಿತ್ರ, ಗೊಂಬೆ, ಪರದೆ ಎಲ್ಲ ಒಂದಕ್ಕೊಂದು ಹೊಂದಿಕೊಂಡಿರುವುದೇ ಬೂದು ಬಣ್ಣದ ಛಾಯೆಗಳಿಂದ. ಚಿತ್ರದ ಅವಧಿ ಸುಮಾರು 100 ನಿಮಿಷ. ಹೆಚ್ಚುಕಡಿಮೆ ಮೊದಲ ಮುಕ್ಕಾಲು ಗಂಟೆ ಕಾಂಗ್ ಕಾಣುವುದೇ ಇಲ್ಲ. ಮಾತುಗಳು ಒರಟು, ಪ್ರೇಮ ಪ್ರಸಂಗ ಸಪ್ಪೆ. ತಾಳ್ಮೆ ಇರಲಿ. ಗೋಡೆಯ ಬಾಗಿಲು ತೆರೆದ ಮೇಲೆ ಉಸಿರಾಡಲು ಬಿಡುವುದಿಲ್ಲ.

ಎರಡನೇ ಸಲ ನೋಡುವಾಗ ಟಿರಾನೊಸಾರಸ್ ಕಾದಾಟ ಬಂದ ಕೂಡಲೇ ಸದ್ದು ಪೂರ್ತಿ ಕಡಿಮೆ ಮಾಡಿ. ಕಾಂಗ್‌ನ ಕಾಲನ್ನು ಮಾತ್ರ ನೋಡಿ. ಗುದ್ದುವ ಮೊದಲು ಯಾವ ಕಾಲಿಗೆ ಭಾರ ಹಾಕುತ್ತಾನೆ, ಬಿದ್ದವನು ಹೇಗೆ ಏಳುತ್ತಾನೆ ಅಂತ ಗಮನಿಸಿ.